ಸಾಲ ಹೊತ್ತು ಊರಿಗೆ ಮರಳಿದ ಮನೆಯವರಿಗೆ: ಮೊದಲ ವರ್ಷ ದಾಟುವ ಬಗೆ

ಬೆಂಗಳೂರಿನಲ್ಲಿ ಕೆಲಸ ಹೋಗಿಯೋ ವ್ಯಾಪಾರ ನೆಲಕಚ್ಚಿಯೋ, ಬಾಡಿಗೆ, ಇಎಂಐ, ಸ್ಕೂಲ್ ಫೀಸು ಮೂರನ್ನೂ ತೂಗಿಸಲಾಗದೆ ಊರಿಗೆ ಹೊರಟವರಿಗಾಗಿ ಇದು. ಲೆಕ್ಕಕ್ಕೆ ಹಿಡಿದಿರುವುದು ತುಮಕೂರು, ಹಾಸನ, ಮಂಡ್ಯ, ಮಾಗಡಿ ಕಡೆಯ ರಾಗಿ ಸೀಮೆ: ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಎರಡು ಎಕರೆ ಖುಷ್ಕಿ (ಮಳೆ ನಂಬಿದ) ಜಮೀನು, ಬೀಗ ಬಿದ್ದ ಹೆಂಚಿನ ಮನೆ, ಕೈಯಲ್ಲಿ ಒಂದೆರಡು ಲಕ್ಷ ದುಡ್ಡು. ಆ ದುಡ್ಡನ್ನು ಹೇಗೆ ಬಳಸುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಬಂದ ಆರು ತಿಂಗಳಲ್ಲೇ ಅದನ್ನು ಬೋರ್‌ವೆಲ್‌ಗೋ ಶೆಡ್ಡಿಗೋ ಸುರಿದವರು ಮತ್ತೆ ಸಾಲಕ್ಕೆ ಬೀಳುವುದೇ ಹೆಚ್ಚು. ಮೊದಲ ವರ್ಷ ಖರ್ಚಿನ ಬಾಯಿ ಕಟ್ಟಿ. ಆರು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟಬೇಡಿ. ಉಳಿದದ್ದರಲ್ಲಿ ಮಾತ್ರ ಕೃಷಿ, ಹಸು, ರಿಪೇರಿ.

ಹೊರಡುವ ಮುಂಚೆ

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಏಪ್ರಿಲ್‌ನಲ್ಲಿ ಹೊರಡಿ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಮುಂಗಾರಿಗೆ ಮುಂಚೆ ಮಾಡು ಸರಿಮಾಡಿಸಲು ಸಮಯ ಸಿಗುತ್ತದೆ, ಜುಲೈ ಬಿತ್ತನೆಗೆ ಹೊಲ ಹದ ಮಾಡಿಕೊಳ್ಳಬಹುದು. ನವೆಂಬರ್‌ನಲ್ಲಿ ಬಂದರೆ ಮುಂದಿನ ಬೆಳೆ ಕೈಗೆ ಸಿಗಲು ಒಂದು ವರ್ಷ ಹಿಡಿಯುತ್ತದೆ.

ಮನೆ ಮಾಲೀಕರಿಗೆ ಕರಾರಿನಲ್ಲಿರುವಷ್ಟು ದಿನ ಮುಂಚಿತವಾಗಿ ವಾಟ್ಸಾಪ್‌ನಲ್ಲಾದರೂ ಬರಹದಲ್ಲಿ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದರೆ ಅಡ್ವಾನ್ಸ್‌ನಿಂದ ಇನ್ನೊಂದು ತಿಂಗಳ ಬಾಡಿಗೆ ಮುರಿದುಕೊಳ್ಳಲು ದಾರಿಯಾಗುತ್ತದೆ. ಖಾಲಿ ಮಾಡುವ ದಿನ ಗೋಡೆ, ಬಾತ್‌ರೂಂ, ಕರೆಂಟ್ ಮೀಟರಿನ ಫೋಟೋ ತೆಗೆದಿಡಿ. ಗೃಹಜ್ಯೋತಿಗೆ ಕೊಟ್ಟಿದ್ದ ಆಧಾರನ್ನು ಹಳೇ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡಿ. ಇದನ್ನು ಮರೆತರೆ ಊರಿನ ಮನೆಗೆ ಅರ್ಜಿ ಹಾಕುವಾಗ ತಕರಾರು ಬರುತ್ತದೆ. ಪಡಿತರಕ್ಕೆ ಕಾರ್ಡ್ ವರ್ಗಾವಣೆ ಆಗಲೇಬೇಕೆಂದಿಲ್ಲ, ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ತೆಗೆದುಕೊಳ್ಳಬಹುದು.

ಫೀಸು ಬಾಕಿ ಇದೆ ಎಂದು ಖಾಸಗಿ ಶಾಲೆ ಟಿಸಿ ತಡೆಹಿಡಿದರೆ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಮಗುವಿನ ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯ ವಿದ್ಯಾರ್ಥಿ ಸಂಖ್ಯೆ) ಬರೆದುಕೊಂಡು ಹೋಗಿ, ಉಳಿದದ್ದನ್ನು ಮುಖ್ಯಶಿಕ್ಷಕರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮೂಲಕ ನೋಡಿಕೊಳ್ಳುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಸಮಾಜ, ವಿಜ್ಞಾನದ ಕನ್ನಡ ಪದಗಳೇ ಕಷ್ಟ. ಬೇಸಿಗೆ ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಪಠ್ಯಪುಸ್ತಕ ಗಟ್ಟಿಯಾಗಿ ಓದಿಸಿ. ದ್ವಿಭಾಷಾ ತರಗತಿಗಳಿರುವ ಕರ್ನಾಟಕ ಪಬ್ಲಿಕ್ ಶಾಲೆ ಹೋಬಳಿಯಲ್ಲಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ಪಿಎಫ್ ಪೂರ್ತಿ ಎಳೆಯುವ ಆತುರ ಬೇಡ. ಸೇವೆ ಐದು ವರ್ಷ ತುಂಬದೆ 50,000 ರೂಪಾಯಿಗಿಂತ ಹೆಚ್ಚು ತೆಗೆದರೆ ಟಿಡಿಎಸ್ ಎಂದು ತೆರಿಗೆ ಕತ್ತರಿಸುತ್ತಾರೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅಷ್ಟು ತುಂಬದವರು ಪಿಂಚಣಿಯ ಪಾಲನ್ನು ಹಿಂಪಡೆಯುವ ಬದಲು ನಮೂನೆ 10ಸಿ ಹಾಕಿ ಸ್ಕೀಂ ಸರ್ಟಿಫಿಕೇಟ್ ಕೇಳಬಹುದು. ನಾಳೆ ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕರೆ ಹಳೇ ಸೇವೆ ಅದಕ್ಕೆ ಕೂಡಿಕೊಳ್ಳುತ್ತದೆ.

ಸಾಲಕ್ಕೆ ಮುಖ ಕೊಟ್ಟೇ ಬನ್ನಿ

ಫೋನ್ ಸ್ವಿಚ್ ಆಫ್ ಮಾಡಿ ಊರು ಸೇರುವುದರಷ್ಟು ದುಬಾರಿ ತಪ್ಪು ಇನ್ನೊಂದಿಲ್ಲ. ನೋಟಿಸು, ಸಮನ್ಸು ಎಲ್ಲ ಹಳೇ ವಿಳಾಸಕ್ಕೇ ಹೋಗುತ್ತವೆ. ನಿಮಗೆ ಗೊತ್ತಾಗದೆಯೇ ಏಕಪಕ್ಷೀಯ ಆದೇಶವೋ ವಾರಂಟೋ ಆಗಿಬಿಡುತ್ತದೆ. ಪ್ರತಿ ಬ್ಯಾಂಕು, ಫೈನಾನ್ಸಿಗೆ ಹೊಸ ವಿಳಾಸವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೂ ಇಮೇಲ್‌ನಲ್ಲೂ ತಿಳಿಸಿ, ರಸೀದಿ ಇಟ್ಟುಕೊಳ್ಳಿ. ಚೆಕ್ ಬೌನ್ಸ್ ನೋಟಿಸು ಕೈಗೆ ಬಂದ ಮೇಲೆ ಹಣ ಕಟ್ಟಲು 15 ದಿನ ಮಾತ್ರ ಇರುತ್ತದೆ, ಆಮೇಲೆ ಅದು ಕ್ರಿಮಿನಲ್ ಕೇಸು.

ಒಂದು ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ: ಯಾರಿಗೆ, ಅಸಲೆಷ್ಟು, ಬಡ್ಡಿಯೆಷ್ಟು, ಅಡಮಾನ ಏನು, ಜಾಮೀನು ಯಾರು. ತೀರಿಸುವ ಸರದಿ ಮೊತ್ತದ ಮೇಲೆ ಬೇಡ, ಕೈತಪ್ಪಿದರೆ ಏನು ಕಳೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಇರಲಿ. ಮೀಟರ್ ಬಡ್ಡಿ ಮೊದಲು. ಆಮೇಲೆ ಒಡವೆ ಸಾಲ. ಹರಾಜಿಗೆ ಬಿಟ್ಟರೆ ನಷ್ಟ ಹೆಚ್ಚು, ಬಡ್ಡಿ ಕಟ್ಟಿ ನವೀಕರಿಸಿ. ಅದೂ ಆಗದಿದ್ದರೆ ಒಂದೆರಡು ಒಡವೆ ಬಿಡಿಸಿ ನೀವೇ ಮಾರಿ ಉಳಿದದ್ದನ್ನು ಉಳಿಸಿಕೊಳ್ಳಿ. ಮೂರನೆಯದು ಊರಿನವರೋ ನೆಂಟರೋ ಜಾಮೀನು ನಿಂತ ಸಾಲ, ಏಕೆಂದರೆ ಇನ್ನು ಮುಂದೆ ಬದುಕಬೇಕಿರುವುದು ಅವರ ನಡುವೆಯೇ. ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು ಕೊನೆಗೆ. ಹಾಗಂತ ಕಾರ್ಡನ್ನು ಕನಿಷ್ಠ ಮೊತ್ತ ಕಟ್ಟಿಕೊಂಡು ಓಡಿಸಬೇಡಿ, ತಿಂಗಳಿಗೆ ಶೇಕಡಾ 3ಕ್ಕೂ ಮೀರುವ ಬಡ್ಡಿಯಲ್ಲಿ ಅಸಲು ಇಳಿಯುವುದೇ ಇಲ್ಲ. ಬಾಕಿಯನ್ನು ಕಂತಿಗೆ ಬದಲಿಸಿಕೊಡಿ ಎಂದು ಕೇಳಿ.

ಬ್ಯಾಂಕು ಒಟಿಎಸ್‌ಗೆ (ಒಪ್ಪಿದ ಮೊತ್ತ ಕಟ್ಟಿ ಸಾಲ ಮುಗಿಸುವುದಕ್ಕೆ) ಒಪ್ಪಿದರೆ ಮೊತ್ತ, ಕೊನೇ ದಿನಾಂಕ, ‘ಬಾಕಿ ಉಳಿದಿಲ್ಲ’ ಪತ್ರ ಕೊಡುವ ಮಾತು, ಮೂರೂ ಬ್ಯಾಂಕಿನ ಪತ್ರದಲ್ಲಿ ಬರುವವರೆಗೂ ಒಂದು ರೂಪಾಯಿ ಕಟ್ಟಬೇಡಿ. ಏಜೆಂಟನ ವೈಯಕ್ತಿಕ ನಂಬರಿಗಂತೂ ಹಾಕಲೇಬೇಡಿ. ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ಮುಗಿಸಿದ್ದು) ಎಂದು ಬಂದರೆ ಮುಂದೆ ಕೆಲವು ವರ್ಷ ಬ್ಯಾಂಕ್ ಸಾಲ ಕಷ್ಟ, ಅದನ್ನು ತಿಳಿದೇ ಒಪ್ಪಿ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಮೀರಿದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಹಾಕಬಹುದು, ಖರ್ಚಿಲ್ಲ. ಮನೆ ಮುಂದೆ ಬಂದು ಹೆದರಿಸುವ ಕಿರುಸಾಲದವರ ವಿರುದ್ಧ 2025ರಲ್ಲಿ ರಾಜ್ಯ ಕಾನೂನು ತಂದಿದೆ, ದೂರು ಠಾಣೆಯಲ್ಲೇ ಕೊಡಬಹುದು.

ಜಮೀನಿನ ಮೇಲೆ ಮಾತ್ರ ಹೊಸ ಸಾಲದ ನೆರಳು ಬೀಳಬಾರದು. ಕೈಸಾಲಕ್ಕೆ ಭದ್ರತೆಯೆಂದು ಕ್ರಯದ ಕರಾರು, ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ), ಖಾಲಿ ಛಾಪಾಕಾಗದ, ಸಹಿ ಮಾಡಿದ ಖಾಲಿ ಚೆಕ್ಕು ಇವು ಯಾವುವನ್ನೂ ಕೊಡಬೇಡಿ. ಹೊಲ ಹೋದ ಕತೆಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ಪಹಣಿ, ಮತ್ತು ಉತ್ತುತ್ತಿರುವ ಅಣ್ಣ

ಊರಿಗೆ ಬಂದ ವಾರದಲ್ಲೇ ಜಮೀನಿನ ಪಹಣಿ (ಆರ್‌ಟಿಸಿ) ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ನಮೂದಾಗಿದೆ ನೋಡಿ. ತೀರಿಹೋದವರ ಹೆಸರಲ್ಲೇ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಬೇಕು. ತಡವಾಗುವುದು ಸಾಮಾನ್ಯವಾಗಿ ಎರಡು ಕಡೆ. ಸಾವು ನೋಂದಣಿಯೇ ಆಗಿರದಿದ್ದರೆ ಅಧಿಕಾರಿಯ ಆದೇಶಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಇಲ್ಲವೇ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿರುತ್ತಾರೆ. ಅಕ್ಕ, ತಂಗಿಯರಿಗೂ ಸಮಪಾಲಿದೆ, ಬಿಟ್ಟು ಮಾಡಿಸಿದ ಖಾತೆ ಮುಂದೆ ಕೋರ್ಟಿನಲ್ಲಿ ನಿಲ್ಲದು.

ಹೆಸರು ಬಂದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ (ಸರ್ಕಾರದ ರೈತರ ದತ್ತಾಂಶ) ನೋಂದಣಿ ಮಾಡಿಸಿ ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಪಡೆಯಿರಿ. ಸಹಾಯಧನದ ಬೀಜ, ಬೆಳೆನಷ್ಟ ಪರಿಹಾರ, ಬೆಂಬಲ ಬೆಲೆಗೆ ರಾಗಿ ಮಾರುವುದು ಎಲ್ಲಕ್ಕೂ ಅದೇ ಬೇಕು. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ 2019ರ ಫೆಬ್ರವರಿ 1ಕ್ಕೆ ಜಮೀನು ಹೊಂದಿದ್ದವರಿಗೆ. ಆಮೇಲೆ ಕೊಂಡವರಿಗೆ ಇಲ್ಲ, ಪಿತ್ರಾರ್ಜಿತವಾಗಿ ಬಂದವರಿಗೆ ಉಂಟು.

ಇಷ್ಟು ವರ್ಷ ಹೊಲ ನೋಡಿಕೊಂಡವರು ಅಣ್ಣನೋ ಚಿಕ್ಕಪ್ಪನೋ ಆಗಿರುತ್ತಾರೆ. ಕಲ್ಲು ಆರಿಸಿ ಬದು ಹಾಕಿ ಗೊಬ್ಬರ ಹೊಡೆದವರು ಅವರು. ಬಂದ ತಿಂಗಳೇ ‘ಭಾಗ ಮಾಡಿ’ ಎಂದರೆ ಮಾತು ಮುರಿಯುತ್ತದೆ, ಮೊದಲ ವರ್ಷ ನಿಮಗೆ ಅತ್ಯಗತ್ಯವಾಗಿ ಬೇಕಾಗುವ ಎತ್ತು, ಕೂರಿಗೆ (ಸಾಲಿನಲ್ಲಿ ಬೀಜ ಬಿತ್ತುವ ಸಾಧನ), ಬಣವೆ, ಒಂದು ಕೈ ಸಹಾಯ ಎಲ್ಲವೂ ಅದರ ಜೊತೆ ಹೋಗುತ್ತದೆ. ಹಿರಿಯರೊಬ್ಬರನ್ನು ಕೂರಿಸಿಕೊಂಡು ‘ಅಣ್ಣಾ, ಈ ಮುಂಗಾರಿಗೆ ಒಂದು ಎಕರೆ ನಾವು ಮಾಡಿಕೊಳ್ತೀವಿ, ಮಿಕ್ಕಿದ್ದು ನೀನೇ ನೋಡಿಕೋ’ ಎಂದು ಕೇಳಿ. ಅವರು ಬೆಳೆಸಾಲ ಎತ್ತಿದ್ದರೆ ಅದನ್ನು ತೀರಿಸುವುದು ಯಾರೆಂಬುದೂ ಅದೇ ಕೂಟದಲ್ಲಿ ಮಾತಾಗಲಿ. ಒಂದು ಬೆಳೆ ಜೊತೆಯಲ್ಲಿ ತೆಗೆದ ಮೇಲೆ ವಿಭಾಗ ಪತ್ರ ನೋಂದಾಯಿಸಿ, ಪೋಡಿಗೆ (ಅಳತೆ ಮಾಡಿಸಿ ಪಾಲನ್ನು ಬೇರೆ ಸರ್ವೆ ನಂಬರಾಗಿ ಮಾಡಿಸುವುದಕ್ಕೆ) ಅರ್ಜಿ ಹಾಕಿ.

ಮನೆ

ಹೆಂಚಿನ ಮನೆಯಲ್ಲಿ ಮೊದಲು ನೋಡಬೇಕಾದದ್ದು ಮರ. ತೊಲೆ ಗೋಡೆಗೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ, ಆ ಕೋಣೆಯಲ್ಲಿ ಮಲಗಬೇಡಿ. ಒಡೆದ ಹೆಂಚು ಬದಲಿಸುವುದು ಒಂದು ದಿನದ ಕೆಲಸ, ತೊಲೆ ಬದಲಿಸುವುದು ದೊಡ್ಡ ಖರ್ಚು. ಮೊದಲ ವರ್ಷಕ್ಕೆ ಒಂದು ಕೋಣೆ, ಅಡುಗೆಮನೆ ಭದ್ರವಾದರೆ ಸಾಕು. ಹಳೇ ವೈರಿಂಗ್‌ಗೆ ಹೊಸ ಅರ್ಥಿಂಗ್ ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿಸಿ, ಮಳೆಗಾಲದಲ್ಲಿ ಒದ್ದೆ ಗೋಡೆ ಶಾಕ್ ಹೊಡೆಯುವುದು ತಪ್ಪುತ್ತದೆ.

ಶೌಚಾಲಯ ಇಲ್ಲದಿದ್ದರೆ ಎರಡು ಗುಂಡಿಯದ್ದನ್ನೇ ಕಟ್ಟಿಸಿ. ಗುಂಡಿಗಳ ನಡುವೆ ಕನಿಷ್ಠ ಒಂದು ಮೀಟರ್, ಕುಡಿಯುವ ನೀರಿನ ಬಾವಿಯಿಂದ ಹತ್ತು ಮೀಟರ್ ಅಂತರ ಇರಲಿ. ತಳಕ್ಕೆ ಕಾಂಕ್ರೀಟ್ ಹಾಕಬೇಡಿ, ನೀರು ಇಂಗಬೇಕು. ಅರ್ಹರಿಗೆ ಸ್ವಚ್ಛ ಭಾರತ್‌ನಲ್ಲಿ 12,000 ರೂಪಾಯಿ ಸಿಗುತ್ತದೆ. ಕಟ್ಟುವ ಮೊದಲೇ ಪಂಚಾಯಿತಿಯಲ್ಲಿ ಹೆಸರು ಬರೆಸಿ. ಅಲ್ಲೇ ಉದ್ಯೋಗ ಖಾತ್ರಿಗೂ ಅರ್ಜಿ ಹಾಕಿಬಿಡಿ.

ಹುಲ್ಲು ಮೊದಲು, ಹಸು ಆಮೇಲೆ

ಈ ಸೀಮೆಯಲ್ಲಿ ವಾರ ವಾರವೋ ಹದಿನೈದು ದಿನಕ್ಕೋ ಕೈಗೆ ಕಾಸು ಬರುವ ಕೆಲಸ ಹಾಲು. ಊರೂರಲ್ಲೂ ಡೇರಿ ಇದೆ, ಹಾಕಿದ ಹಾಲಿಗೆ ದುಡ್ಡು ಖಾತೆಗೇ ಬರುತ್ತದೆ. ಆದರೂ ಹೊಸಬರು ಇದರಲ್ಲೇ ಸೋಲುತ್ತಾರೆ. ಕಾರಣ ಸರಳ, ಹಸು ಮೊದಲು ತರುತ್ತಾರೆ, ಮೇವಿಗೆ ಆಮೇಲೆ ಹುಡುಕುತ್ತಾರೆ.

ಲೆಕ್ಕ ನೋಡಿ. ದಿನಕ್ಕೆ 10 ಲೀಟರ್ ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಲೀಟರಿಗೆ 35 ರೂಪಾಯಿ ಎಂದುಕೊಂಡರೆ 350. ಪಶು ಆಹಾರ ಮೈ ಕಾಯಲು ಒಂದೂವರೆ ಕೆಜಿ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ, ಒಟ್ಟು ಐದೂವರೆ ಕೆಜಿ. ಕೆಜಿಗೆ 30ರಂತೆ 165. ಒಣಹುಲ್ಲು, ಖನಿಜ ಮಿಶ್ರಣ, ಔಷಧಿ, ವಿಮೆಗೆ 50. ಉಳಿದದ್ದು 135. ದಿನಕ್ಕೆ 20 ಕೆಜಿ ಹಸಿಹುಲ್ಲನ್ನೂ ಕೆಜಿಗೆ 4 ರೂಪಾಯಿ ಕೊಟ್ಟು ಕೊಂಡರೆ ಇನ್ನೊಂದು 80 ಹೋಗಿ 55 ಉಳಿಯುತ್ತದೆ. ದರಗಳು ನಿಮ್ಮೂರಿನಲ್ಲಿ ಬೇರೆ ಇದ್ದೀತು, ಲೆಕ್ಕ ಹಾಕುವ ರೀತಿ ಇದೇ. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲೇ ಇರುವುದಿಲ್ಲ ಎಂಬುದನ್ನೂ ಸೇರಿಸಿ ನೋಡಿ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ತಡವಾಗಿ ಬರುವುದೇ ಹೆಚ್ಚು, ತಿಂಗಳ ಖರ್ಚಿಗೆ ಅದನ್ನು ನಂಬಬೇಡಿ.

ಹಾಗಾಗಿ ಹಸು ತರುವ ಮೂರು ತಿಂಗಳ ಮುಂಚೆಯೇ ನೇಪಿಯರ್ ಎಂಬ ಮೇವಿನ ಹುಲ್ಲು ನೆಡಿ. ನೀರಿನ ಅನುಕೂಲವಿದ್ದರೆ ಐದಾರು ಗುಂಟೆ ಒಂದು ಹಸುವಿಗೆ ಸಾಕು. ಎರಡು ಗಿಣ್ಣಿನ ತುಂಡು, ಎರಡಡಿಗೆ ಎರಡಡಿ ಅಂತರ, ಒಂದು ಗಿಣ್ಣು ಮಣ್ಣೊಳಗೆ. ಮೊದಲ ಕೊಯ್ಲು 75 ದಿನಕ್ಕೆ, ಆಮೇಲೆ ನಲವತ್ತೈದು ದಿನಕ್ಕೊಮ್ಮೆ, ಬುಡಕ್ಕೆ ಕೊಯ್ಯಬೇಕು. ಬಲಿಯಲು ಬಿಟ್ಟರೆ ದಂಟು ಗಟ್ಟಿಯಾಗಿ ಅರ್ಧ ಗೊಂತಿನಲ್ಲೇ (ಮೇವು ಹಾಕುವ ತೊಟ್ಟಿಯಲ್ಲೇ) ಉಳಿಯುತ್ತದೆ. ನೀರಿಲ್ಲದಿದ್ದರೆ ಮಳೆಗೆ ಮೇವಿನ ಜೋಳ, ಬೇಸಿಗೆಗೆ ರಾಗಿ ಹುಲ್ಲಿನ ಬಣವೆ. ಹುಲ್ಲನ್ನು ಕೊಯ್ಲಿನ ಕಾಲದಲ್ಲೇ ಕೊಂಡಿಡಿ, ಮಾರ್ಚಿಗೆ ಬೆಲೆ ಏರಿರುತ್ತದೆ.

ಸಂತೆಯಲ್ಲಿ ಅವಸರದಿಂದ ಕೊಳ್ಳಬೇಡಿ. ಅಕ್ಕಪಕ್ಕದ ಊರಿನಲ್ಲಿ ಡೇರಿಗೆ ಹಾಲು ಹಾಕುತ್ತಿರುವ ಎರಡನೇ ಸೂಲಿನ (ಎರಡನೇ ಕರು ಹಾಕಿದ) ಹಸು ಹುಡುಕಿ. ಡೇರಿಯ ಪುಸ್ತಕದಲ್ಲಿ ಎಷ್ಟು ಹಾಲು ಬರೆದಿದೆ ಎಂದು ನೋಡಬಹುದು. ಸಂಜೆ ಹೋಗಿ ಪೂರ್ತಿ ಕರೆಸಿ, ಮರುದಿನ ಬೆಳಿಗ್ಗೆ ಮತ್ತೆ ಹೋಗಿ ನೀವೇ ಕರೆದು ನೋಡಿ. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದು ಹಳೇ ಉಪಾಯ, ಎರಡು ಹೊತ್ತು ಸತತ ನೋಡಿದರೆ ಅದು ನಡೆಯದು. ನಾಲ್ಕೂ ಮೊಲೆಯ ಮೊದಲ ನಾಲ್ಕು ಧಾರೆ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಬೇರೆ ಬೇರೆ ಬಿಡಿ. ಬಟ್ಟೆಯ ಮೇಲೆ ಸಣ್ಣ ಗರಣೆ (ಒಡೆದ ಹಾಲಿನ ಚೂರು), ನೀರು, ಹಳದಿ ಛಾಯೆ ಕಂಡರೆ ಆ ಮೊಲೆಗೆ ಕೆಚ್ಚಲುಬಾವು ಇದೆ ಅಥವಾ ಬಂದು ಹೋಗಿದೆ. ಖಾಲಿಯಾದ ಕೆಚ್ಚಲು ಕೈಗೆ ಮೆತ್ತಗೆ ಮಡಿಚಿದಂತಾಗಬೇಕು, ಒಳಗೆ ಗಂಟು ಸಿಕ್ಕರೆ ಬಿಟ್ಟುಬನ್ನಿ. ಕಂದುರೋಗದ (ಬ್ರುಸೆಲ್ಲೋಸಿಸ್) ರಕ್ತಪರೀಕ್ಷೆ ಮಾಡಿಸಿ, ಅದು ಮನುಷ್ಯರಿಗೂ ಅಂಟುತ್ತದೆ. ಕಿವಿಯ ಓಲೆಯ 12 ಅಂಕಿ ವಿಮೆಗೆ ಬೇಕು, ಓಲೆ ಬಿದ್ದುಹೋದರೆ ಕೂಡಲೇ ಹೊಸದು ಹಾಕಿಸಿ.

ಕರೆದ ಮೇಲೆ ಮೊಲೆಯ ತೂತು ಅರ್ಧ ಗಂಟೆ ತೆರೆದೇ ಇರುತ್ತದೆ. ಆ ಹೊತ್ತಿನಲ್ಲಿ ಹಸು ಸಗಣಿಯ ಮೇಲೆ ಮಲಗಿದರೆ ಕೆಚ್ಚಲುಬಾವು ಬರುತ್ತದೆ. ಕರೆದ ತಕ್ಷಣ ಮೊಲೆಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಗೊಂತಿಗೆ ಹುಲ್ಲು ಹಾಕಿ ನಿಲ್ಲಿಸಿ. ಮದುವೆ ಮನೆಯ ಅನ್ನ, ಹೆಚ್ಚಾದ ರಾಗಿ ಅಂಬಲಿ ಒಮ್ಮೆಲೇ ಕೊಟ್ಟರೆ ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತದೆ, ಸಾಯಲೂಬಹುದು. ಕರು ಹಾಕಿದ ಒಂದೆರಡು ದಿನದಲ್ಲಿ ಹಸು ಏಳಲಾಗದೆ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ, ಕಿವಿ ತಣ್ಣಗಿದ್ದರೆ, ಅದು ಸುಣ್ಣದಂಶ ಕುಸಿದ ಹಾಲುಜ್ವರ. ಬಾಯಿಗೆ ಏನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ ಡಾಕ್ಟರನ್ನು ಕರೆಯಿರಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ.

ಹಸು ಬೆದೆಗೆ (ಗರ್ಭ ಕಟ್ಟುವ ಹದಕ್ಕೆ) ಬರುವುದು 21 ದಿನಕ್ಕೊಮ್ಮೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿ. ಕರು ಹಾಕಿ ಎರಡು, ಮೂರು ತಿಂಗಳೊಳಗೆ ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ದಂಡ. ಕೊಟ್ಟಿಗೆ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ ಗುರುತು ಮಾಡಿ.

ಒಂದು ಎಕರೆ ರಾಗಿ

ಮಾರಿ ಲಾಭ ಮಾಡುವುದು ಆಮೇಲೆ. ಮನೆಗೆ ವರ್ಷದ ಊಟ, ಹಸುವಿಗೆ ಹುಲ್ಲು ಎರಡೂ ಒಂದೇ ಬೆಳೆಯಿಂದ ಬರುವುದರಿಂದ ಮೊದಲ ವರ್ಷ ರಾಗಿ ಬಿಟ್ಟು ಬೇರೆ ಯೋಚಿಸಬೇಡಿ. ಶುಂಠಿ, ಟೊಮೇಟೊ, ದಾಳಿಂಬೆ ಸಾಲಗಾರರ ಬೆಳೆಯಲ್ಲ.

ಜುಲೈ ಬಿತ್ತನೆಗೆ ಜಿಪಿಯು-28 ಅಥವಾ ಎಂಎಲ್-365 ತಳಿ. ಜಿಪಿಯು-28 ಬೆಂಕಿರೋಗ ತಡೆದುಕೊಳ್ಳುತ್ತದೆ. ಕೂರಿಗೆಯಲ್ಲಿ ಎಕರೆಗೆ 5 ಕೆಜಿ ಬೀಜ, ಸಾಲಿನಿಂದ ಸಾಲಿಗೆ ಒಂದಡಿ. ಒಂದಂಗುಲಕ್ಕಿಂತ ಆಳ ಬಿದ್ದ ರಾಗಿ ಮೇಲೇಳದು. ಮೂರು ಟನ್ ಕೊಟ್ಟಿಗೆ ಗೊಬ್ಬರ, ಬಿತ್ತುವಾಗ 35 ಕೆಜಿ ಡಿಎಪಿ ಮತ್ತು 17 ಕೆಜಿ ಪೊಟ್ಯಾಷ್, ಒಂದು ತಿಂಗಳಾದ ಮೇಲೆ ತೇವ ನೋಡಿ 30 ಕೆಜಿ ಯೂರಿಯಾ. ಒಣನೆಲಕ್ಕೆ ಯೂರಿಯಾ ಹಾಕಿದರೆ ಬೆಳೆ ಸುಡುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಕ್ಕಡಿ (ನಡುವೆ ಬೆಳೆಯುವ ಜೊತೆಬೆಳೆ) ಇಡಿ. ಮಳೆ ಕೈಕೊಟ್ಟು ರಾಗಿ ಕುಗ್ಗಿದರೂ ಹಿಂಗಾರಿನಲ್ಲಿ ತೊಗರಿ ಚೇತರಿಸಿಕೊಳ್ಳುತ್ತದೆ. ಮೂರು ವಾರಕ್ಕೆ ಸಾಲಿನ ನಡುವೆ ಕಳೆ ತೆಗೆಯುವ ಕುಂಟೆ ಹಾಯಿಸುವುದನ್ನು ತಪ್ಪಿಸಬೇಡಿ. ಆಗ ತಪ್ಪಿದ ಕಳೆಗೆ ಆಮೇಲೆ ಆಳುಗಳ ಕೂಲಿಯಲ್ಲಿ ಬೆಲೆ ತೆರಬೇಕಾಗುತ್ತದೆ. ಟ್ರ್ಯಾಕ್ಟರ್, ಒಕ್ಕಣೆ ಯಂತ್ರಕ್ಕೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆ ವಿಚಾರಿಸಿ.

ಬೆಳೆ ನಿಂತಿರುವಾಗಲೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೋ ಹಾಕಿ ರಾಗಿ ಎಂದು ದಾಖಲಿಸಿ. 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ಇತ್ತು. ಸಮೀಕ್ಷೆಯಲ್ಲಿ ‘ಬೀಳು’ (ಬೆಳೆ ಇಲ್ಲದ ಜಮೀನು) ಎಂದು ನಮೂದಾಗಿದ್ದರೆ ಖರೀದಿ ಕೇಂದ್ರದಿಂದ ಮೂಟೆ ವಾಪಸು ಬರುತ್ತದೆ.

ಬೋರ್‌ವೆಲ್ ಬೇಡ

ಮೊದಲ ಎರಡು ವರ್ಷ ಖಂಡಿತ ಬೇಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಸಾವಿರ ಅಡಿ ಕೊರೆದೂ ಧೂಳೇ ಬಂದ ಬಾವಿಗಳು ಎಷ್ಟೋ ಇವೆ. ನೀರು ಬಿದ್ದರೂ ಕೇಸಿಂಗ್, ಮೋಟರ್, ಕೇಬಲ್, ಕರೆಂಟ್ ಸಂಪರ್ಕಕ್ಕೆ ಕೊರೆದಷ್ಟೇ ದುಡ್ಡು ಮತ್ತೆ ಬೇಕು. ಹುಲ್ಲಿನ ಐದಾರು ಗುಂಟೆಗೆ ಪಕ್ಕದ ತೋಟದವರಿಂದ ನೀರು ಪಡೆದು ಬದಲಿಗೆ ಗೊಬ್ಬರವನ್ನೋ ದುಡಿಮೆಯನ್ನೋ ಕೊಡುವುದು ಇಲ್ಲೆಲ್ಲ ನಡೆಯುವ ರೂಢಿ. ಹೊಲದ ತಗ್ಗಿನಲ್ಲಿ ಕೃಷಿಹೊಂಡಕ್ಕೆ ಸಹಾಯಧನ ಇದೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿ.

ಒಬ್ಬರ ಸಂಬಳ ಹೊರಗಿನಿಂದ

ಮನೆಯಲ್ಲಿ ದುಡಿಯುವ ಇಬ್ಬರಿದ್ದರೆ ಮೊದಲ ವರ್ಷ ಒಬ್ಬರು ಹೊರಗೆ ದುಡಿಯಲಿ. ಗಾರ್ಮೆಂಟ್ಸ್, ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶ, ಶಾಲಾ ವಾಹನ, ಯಾವುದಾದರೂ ಸರಿ. ಸಾಲದ ಕಂತು ಆ ಸಂಬಳದಿಂದಲೇ ಹೋಗಲಿ, ಹಾಲಿನ ದುಡ್ಡನ್ನು ಕಂತಿಗೆ ಒಪ್ಪಿಸಬೇಡಿ. ಹಾಗೆ ಒಪ್ಪಿಸಿದವರು ಹಸು ಬತ್ತಿದ ತಿಂಗಳು ಕಂತು ತಪ್ಪಿಸಿ, ಗಬ್ಬದ ಹಸುವನ್ನೇ ಅರ್ಧ ಬೆಲೆಗೆ ಮಾರುತ್ತಾರೆ. ಪ್ಲಂಬಿಂಗ್, ಮೋಟರ್ ರಿವೈಂಡಿಂಗ್, ಹೊಲಿಗೆ ಬಲ್ಲವರಿಗೆ ಹೋಬಳಿಯಲ್ಲೇ ಕೆಲಸ ಸಿಗುತ್ತದೆ. ಮಹಿಳೆಯರಿಗೆ ಶಕ್ತಿ ಯೋಜನೆಯ ಬಸ್ಸಿದೆ, ತಾಲೂಕಿಗೆ ಹೋಗಿಬರುವ ಖರ್ಚಿಲ್ಲ. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ಪಶು ಆಹಾರದ ಮೂಟೆಗೆ ಮೀಸಲಿಡಿ.

ಎರಡನೇ ಹಸು ಯಾವಾಗ? ಮೊದಲನೆಯದು ಮತ್ತೆ ಗಬ್ಬ ನಿಂತಿದೆ ಎಂದು ಡಾಕ್ಟರು ಖಚಿತಪಡಿಸಿರಬೇಕು, ಬಣವೆಯಲ್ಲಿ ಮುಂದಿನ ಜೂನ್‌ವರೆಗಿನ ಹುಲ್ಲಿರಬೇಕು, ಆರು ತಿಂಗಳ ಮನೆಖರ್ಚಿನ ಖಾತೆ ಮುಟ್ಟದೆ ಉಳಿದಿರಬೇಕು. ಮೂರೂ ಇದ್ದರೆ ಸಹಕಾರ ಸಂಘದಲ್ಲಿ ಸದಸ್ಯರಾಗಿ ಸಾಲ ಕೇಳಬಹುದು. ಬೆಳೆಸಾಲ 5 ಲಕ್ಷದವರೆಗೆ ಬಡ್ಡಿಯಿಲ್ಲದೆ ಸಿಗುತ್ತದೆ, ಗಡುವಿನೊಳಗೆ ಕಟ್ಟಿದರೆ ಮಾತ್ರ. ಮೂರರಲ್ಲಿ ಒಂದು ಕಡಿಮೆಯಾದರೂ ಇನ್ನೊಂದು ಸೂಲು ಕಾಯಿರಿ. ಅಷ್ಟರಲ್ಲಿ ಕೊಟ್ಟಿಗೆಯ ಹೆಣ್ಣುಕರುವಿಗೆ ಮೊದಲ ಗಂಟೆಯಲ್ಲೇ ಗಿಣ್ಣದ ಹಾಲು ಕುಡಿಸಿ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಡಾಕ್ಟರು ಹೇಳಿದ ಜಂತುಹುಳದ ಔಷಧಿ ಹಾಕಿ ಬೆಳೆಸಿ. ಎರಡೂವರೆ, ಮೂರು ವರ್ಷಕ್ಕೆ ಅದೇ ನಿಮ್ಮ ಎರಡನೇ ಹಸು.